ಎಕ್ಸಿಟ್ 2ರಲ್ಲಿ ಇಳಿದು 410ರಲ್ಲಿ ಹತ್ತುವ ದಾರಿ

ಸಾಲ್ಟ್ ಲೇಕ್ ಸಿಟಿ ಬಿಟ್ಟು ಇಂಟರ್‌ಸ್ಟೇಟ್ 80ರಲ್ಲಿ ಪಶ್ಚಿಮಕ್ಕೆ ಹೊರಟರೆ ಸುಮಾರು ನೂರಿಪ್ಪತ್ತು ಮೈಲಿ ದಾರಿ. ಅದರ ಬಹುಭಾಗದಲ್ಲಿ ಸ್ಟಿಯರಿಂಗ್ ತಿರುಗಿಸುವ ಪ್ರಮೇಯವೇ ಬರುವುದಿಲ್ಲ. ರಸ್ತೆ ನೂಲು ಹಿಡಿದಷ್ಟು ನೆಟ್ಟಗೆ, ಎರಡೂ ಬದಿಗೆ ಕಣ್ಣು ಕುಕ್ಕುವ ಉಪ್ಪಿನ ಬಯಲು. ಕಾರಿನ ವೇಗದ ದಾಖಲೆಗಳಿಗೆ ಹೆಸರಾದ ಬಾನೆವಿಲ್ ಮೈದಾನಕ್ಕೆ ಹೋಗುವವರು ಎಕ್ಸಿಟ್ 4ರಲ್ಲಿ ಇಳಿಯುತ್ತಾರೆ. ಅದರ ಮುಂದಿನದೇ ಎಕ್ಸಿಟ್ 2, ಯೂಟಾ ರಾಜ್ಯದ ಕಟ್ಟಕಡೆಯ ಊರು ವೆಂಡೋವರ್.

ನಾನು ಅಲ್ಲಿಳಿದದ್ದು ಊರು ನೋಡುವ ಆಸೆಗಿಂತ ಊರೊಳಗಿನ ರಸ್ತೆಯನ್ನು ನೋಡುವ ಆಸೆಗೆ. ಈ ರಸ್ತೆಗೆ ವೆಂಡೋವರ್ ಬುಲೆವಾರ್ಡ್ ಎಂದು ಹೆಸರು. ಹೆದ್ದಾರಿಯವರ ಲೆಕ್ಕದಲ್ಲಿ ಇದು 'ಬಿಸಿನೆಸ್ ಲೂಪ್ 80'. ಇಂಥ ಲೂಪುಗಳು ಅಮೆರಿಕದ ತುಂಬ ಇವೆ. ಆದರೆ ಒಂದು ರಾಜ್ಯದಲ್ಲಿ ಹುಟ್ಟಿ ಇನ್ನೊಂದು ರಾಜ್ಯದಲ್ಲಿ ಮುಗಿಯುವವು ಬಲು ಅಪರೂಪ.

ಬಿಸಿನೆಸ್ ಲೂಪ್ ಎಂದರೇನೆಂದು ಇಲ್ಲೇ ಹೇಳಿಬಿಡುತ್ತೇನೆ. 1956ರ ಕಾನೂನಿನ ಬಲದಿಂದ ಇಂಟರ್‌ಸ್ಟೇಟ್ ಹೆದ್ದಾರಿಗಳು ಹರಡತೊಡಗಿದಾಗ ಅವು ಊರುಗಳನ್ನು ಬಳಸಿಕೊಂಡು ಹೋದವು. ಹಳೇ ರಸ್ತೆಯ ಮೇಲಿದ್ದ ಹೋಟೆಲು, ಪೆಟ್ರೋಲ್ ಬಂಕು, ಮೋಟೆಲುಗಳಿಗೆ ಗಿರಾಕಿ ತಪ್ಪಿತು. ಅದಕ್ಕೊಂದು ಸಮಾಧಾನದ ಏರ್ಪಾಡು ಈ ಲೂಪು. ಹೆದ್ದಾರಿಯಿಂದ ಕವಲೊಡೆದು ಪೇಟೆಯೊಳಗೆ ಹಾದು ಮತ್ತೆ ಅದೇ ಹೆದ್ದಾರಿಗೆ ಸೇರುವ ದಾರಿಗೆ ಅದೇ ನಂಬರು ಕೊಡುತ್ತಾರೆ. ಫಲಕ ಅದೇ ಗುರಾಣಿಯ ಆಕಾರದ್ದು, ಬಣ್ಣ ಮಾತ್ರ ಕೆಂಪು-ನೀಲಿಯ ಬದಲು ಹಸಿರು. 'ಇಂಟರ್‌ಸ್ಟೇಟ್' ಎಂಬ ಮಾತಿರಬೇಕಾದ ಕಡೆ 'ಬಿಸಿನೆಸ್' ಎಂದಿರುತ್ತದೆ. ಹಿಂತಿರುಗಿ ಸೇರದೆ ಊರಲ್ಲೇ ನಿಂತುಹೋದರೆ ಅದು ಲೂಪ್ ಅಲ್ಲ, 'ಸ್ಪರ್'. ರಾಜ್ಯ ಅರ್ಜಿ ಹಾಕಬೇಕು, ರಾಜ್ಯಗಳ ಹೆದ್ದಾರಿ ಅಧಿಕಾರಿಗಳ ಸಂಘವಾದ ಆಶ್ಟೊ ಒಪ್ಪಬೇಕು. ಇಂಟರ್‌ಸ್ಟೇಟ್ ಜಾಲದ ಮೈಲಿಗಳಲ್ಲಿ ಇದನ್ನು ಎಣಿಸುವುದಿಲ್ಲ. ಸಿಗ್ನಲ್ ದೀಪ, ಅಡ್ಡರಸ್ತೆ, ಅಂಗಡಿಯ ಮುಂದೆ ಕಾರು ನಿಲ್ಲಿಸುವುದು ಎಲ್ಲವೂ ಇಲ್ಲಿ ನಡೆಯುತ್ತದೆ.

ನಮ್ಮಲ್ಲಿ ಬೈಪಾಸ್ ಬಂದ ಮೇಲೆ ಊರೊಳಗಿನ ರಸ್ತೆಗೆ ಹೀಗೆ ಯಾರೂ ಹಸಿರು ಫಲಕ ನೆಡಲಿಲ್ಲ. ದಾವಣಗೆರೆಯಲ್ಲೂ ಹುಬ್ಬಳ್ಳಿಯಲ್ಲೂ ಜನ ಇವತ್ತಿಗೂ 'ಪಿ.ಬಿ. ರೋಡ್' ಎನ್ನುತ್ತಾರೆ. ಪುಣೆ-ಬೆಂಗಳೂರು ಲಾರಿಗಳು ಪಕ್ಕದಲ್ಲೇ ಬೇರೆ ದಾರಿ ಹಿಡಿದು ಎಷ್ಟೋ ವರ್ಷವಾಯಿತು. ನಮ್ಮ ಬಿಸಿನೆಸ್ ಲೂಪ್ ಆಟೋದವರ ಬಾಯಲ್ಲಿದೆ.

ವೆಂಡೋವರ್‌ಗೆ ಬರೋಣ. ಎಕ್ಸಿಟ್ 2ರಿಂದ ಗಡಿಯವರೆಗೆ ಸುಮಾರು ಒಂದು ಮೈಲಿ, ನಡೆದೇ ಹೋಗಬಹುದು. ಇಷ್ಟು ದೂರವನ್ನು ಯೂಟಾ ತನ್ನ ಕಡತಗಳಲ್ಲಿ 'ರಾಜ್ಯ ಮಾರ್ಗ 58' ಎಂದು ಬರೆದುಕೊಂಡಿದೆ. ಹಳೆಯ ಕಾಲದ ಮೋಟೆಲುಗಳು, ಅಗಲವಾದ ರಸ್ತೆ, ಓಡಾಟ ಕಡಿಮೆ. ದಕ್ಷಿಣಕ್ಕೆ ಎರಡನೆಯ ಮಹಾಯುದ್ಧದ ವಿಮಾನ ನೆಲೆ ಇದೆ. ಹಿರೋಶಿಮಾದ ಮೇಲೆ ಬಾಂಬು ಹಾಕಿದ 509ನೇ ದಳ 1944ರ ಡಿಸೆಂಬರ್‌ನಲ್ಲಿ ರಚನೆಯಾಗಿ ತರಬೇತಿ ಪಡೆದದ್ದು ಇಲ್ಲೇ. ಇಷ್ಟು ದೊಡ್ಡ ಚರಿತ್ರೆ ಇಷ್ಟು ಸಣ್ಣ ಊರಿನ ಬೆನ್ನಿಗೆ ಅಂಟಿಕೊಂಡಿರುವುದು ವಿಚಿತ್ರವೇ. ಆದರೆ ಅದು ಬೇರೆ ಲೇಖನದ ಮಾತು.

ಮುಂದೆ ನಡೆದರೆ ಡಾಂಬರಿನ ಮೇಲೆ ಅಡ್ಡಲಾಗಿ ಬಳಿದ ಗೆರೆ. ಈಚೆ ಯೂಟಾ, ಆಚೆ ನೆವಾಡ. ಗೆರೆ ದಾಟಿದ್ದೇ ತಡ ಊರಿನ ಮೈಕಟ್ಟು ಬದಲಾಗುತ್ತದೆ. ಬಹುಮಹಡಿ ಕ್ಯಾಸಿನೊಗಳು, ಹಗಲಲ್ಲೂ ಮಿನುಗುವ ದೀಪಗಳು, ತುಂಬಿದ ಪಾರ್ಕಿಂಗ್. ಯೂಟಾದಲ್ಲಿ ಜೂಜು ಪೂರ್ತಿ ನಿಷಿದ್ಧ, ನೆವಾಡದಲ್ಲಿ 1931ರಿಂದ ಕಾನೂನುಬದ್ಧ. ಹೀಗಾಗಿ ಲೂಪಿನ ಫಲಕ ಹೇಳುವ 'ಬಿಸಿನೆಸ್' ಎಲ್ಲವೂ ಗೆರೆಯ ಒಂದೇ ಬದಿಗೆ ಜಮಾಯಿಸಿದೆ. 2020ರ ಜನಗಣತಿಯಲ್ಲಿ ಯೂಟಾ ಬದಿಯ ವೆಂಡೋವರ್‌ನಲ್ಲಿ ಸುಮಾರು 1,100 ಜನ, ನೆವಾಡ ಬದಿಯ ವೆಸ್ಟ್ ವೆಂಡೋವರ್‌ನಲ್ಲಿ ಸುಮಾರು 4,500. ಪಾಲಾದ ಮೇಲೂ ಅಣ್ಣತಮ್ಮಂದಿರು ಒಂದೇ ನಡುಮನೆಯಲ್ಲಿ ಓಡಾಡಿಕೊಂಡಿರುವ ಮನೆಯ ಹಾಗಿದೆ ಈ ರಸ್ತೆ.

ಇದಕ್ಕೆಲ್ಲ ಅಂಕುರ ಹಾಕಿದವನು ವಿಲಿಯಂ ಸ್ಮಿತ್. ಉಪ್ಪಿನ ಬಯಲಿನ ಮೇಲೆ ಮೋಟಾರು ದಾರಿ 1925ರಲ್ಲಿ ತೆರೆದಾಗ ಬರುವವರಿಗೆ ಪೆಟ್ರೋಲ್ ಬೇಕಾಗುತ್ತದೆಂದು ಲೆಕ್ಕ ಹಾಕಿದ. ಮರುವರ್ಷ ಸರಿಯಾಗಿ ಗಡಿಯ ಮೇಲೆಯೇ ಬಂಕು ತೆರೆದ. ಮರುಭೂಮಿ ದಾಟಿ ಬರುವವರಿಗೆ ಕಾಣಲೆಂದು ಕಂಬದ ಮೇಲೊಂದು ದೀಪ ಉರಿಸುತ್ತಿದ್ದನಂತೆ. ಮುಂದೆ ಅದೇ ಜಾಗದಲ್ಲಿ ಹೋಟೆಲು, ಕ್ಯಾಸಿನೊ. 1952ರಲ್ಲಿ 'ವೆಂಡೋವರ್ ವಿಲ್' ಎಂಬ 63 ಅಡಿ ಎತ್ತರದ ನಿಯಾನ್ ಕೌಬಾಯ್ ಎದ್ದು ನಿಂತ. ಈಗ ಅವನು ನಗರದ ಆಸ್ತಿ, ಬುಲೆವಾರ್ಡಿನ ಮೇಲೆಯೇ ಇದ್ದಾನೆ. ಹಸಿರು ಫಲಕಕ್ಕಿಂತ ಅವನನ್ನು ನೋಡಿ ಹೆದ್ದಾರಿ ಬಿಟ್ಟವರೇ ಹೆಚ್ಚಿರಬೇಕು ಎಂದು ನನ್ನ ಗುಮಾನಿ.

ಗಡಿಯಲ್ಲಿ ನಿಂತವರು ಗಡಿಯಾರ ನೋಡಿಕೊಳ್ಳುವುದು ಸಹಜ. ನೆವಾಡ ಪೆಸಿಫಿಕ್ ಸಮಯದ ರಾಜ್ಯ, ಯೂಟಾಕ್ಕಿಂತ ಒಂದು ಗಂಟೆ ಹಿಂದೆ. ಒಂದೇ ಪೇಟೆಗೆ ಎರಡು ಸಮಯವಾದರೆ ಕೆಲಸ, ಶಾಲೆ, ಬಸ್ಸು ಎಲ್ಲದಕ್ಕೂ ತಾಪತ್ರಯ. ಅದಕ್ಕೇ 1999ರಲ್ಲಿ ವೆಸ್ಟ್ ವೆಂಡೋವರ್ ಅನ್ನು ಅಧಿಕೃತವಾಗಿ ಯೂಟಾದ ಮೌಂಟನ್ ಸಮಯಕ್ಕೆ ಸೇರಿಸಿದರು. ಸಮಯವನ್ನು ಒಂದು ಮಾಡಿದವರು ರಸ್ತೆಯ ಕಡತವನ್ನು ಒಂದು ಮಾಡಲಿಲ್ಲ. ಯೂಟಾದ 58 ಗೆರೆಯ ಬಳಿ ನಿಲ್ಲುತ್ತದೆ. ಅಲ್ಲಿಂದಾಚೆಗಿನ ಹೊಣೆ ನೆವಾಡದವರದು.

ಕ್ಯಾಸಿನೊಗಳನ್ನು ದಾಟಿ ಪಶ್ಚಿಮಕ್ಕೆ ಸಾಗಿದರೆ ಮತ್ತೆ ಇಂಟರ್‌ಸ್ಟೇಟ್ ಸಿಗುತ್ತದೆ. ಅಲ್ಲಿಯ ಎಕ್ಸಿಟ್ ಸಂಖ್ಯೆ 410! ಎರಡು-ಮೂರು ಮೈಲಿಯ ಲೂಪಿಗೆ ಒಂದು ತುದಿಯಲ್ಲಿ 2, ಇನ್ನೊಂದು ತುದಿಯಲ್ಲಿ 410. ಮೊದಲ ಸಲ ನಕ್ಷೆ ನೋಡುವವರಿಗೆ ಅಚ್ಚಿನ ತಪ್ಪೆನಿಸುವುದು ಖಂಡಿತ. ಲೆಕ್ಕ ಸರಿಯಾಗಿಯೇ ಇದೆ. ಇಲ್ಲಿ ಎಕ್ಸಿಟ್ ಸಂಖ್ಯೆ ಮೈಲಿಯ ಎಣಿಕೆ. ಪೂರ್ವ-ಪಶ್ಚಿಮ ಹೆದ್ದಾರಿಯಲ್ಲಿ ಪ್ರತಿ ರಾಜ್ಯವೂ ತನ್ನ ಪಶ್ಚಿಮದ ಗಡಿಯಿಂದ ಸೊನ್ನೆ ಹಿಡಿದು ಎಣಿಸುತ್ತದೆ. ನೆವಾಡದ ಎಣಿಕೆ ಕ್ಯಾಲಿಫೋರ್ನಿಯಾ ಗಡಿಯಲ್ಲಿ ಶುರುವಾಗಿ ಇಡೀ ರಾಜ್ಯ ದಾಟಿ ಇಲ್ಲಿಗೆ ಮುಗಿಯುತ್ತದೆ, ಯೂಟಾದ್ದು ಇಲ್ಲಿ ಶುರು. ಒಂದು ರಾಜ್ಯದ ಕೊನೆಯ ಎಕ್ಸಿಟ್ಟನ್ನೂ ಇನ್ನೊಂದರ ಮೊದಲ ಎಕ್ಸಿಟ್ಟನ್ನೂ ಪೇಟೆಬೀದಿಯೊಂದು ಕಟ್ಟಿಹಾಕಿದೆ.

ದೇಶದ ಗಡಿಯಾಗಿದ್ದರೆ ಇದು ಆಗುತ್ತಿರಲಿಲ್ಲ. ಮಿಷಿಗನ್‌ನ ಉತ್ತರ ಭಾಗದ ಸೂ ಸೇಂಟ್ ಮೆರಿ ಊರಿನೆದುರು ನದಿ, ನದಿಯಾಚೆ ಕೆನಡಾ. ಇಂಟರ್‌ಸ್ಟೇಟ್ 75 ಸೇತುವೆಯ ಬಳಿ ಮುಗಿಯುತ್ತದೆ. ಪೇಟೆಗೆ ಹೋಗುವ ಹಸಿರು ಫಲಕದ ದಾರಿ ಅಲ್ಲಿ ಬರೀ ಸ್ಪರ್. ರಾಜ್ಯಗಡಿಯಲ್ಲಿ ಹಾಗಿಲ್ಲ, ರಸ್ತೆಗಳು ಏನೇನೋ ಆಟ ಆಡುತ್ತವೆ. ಟೆಕ್ಸಾಸ್-ಅರ್ಕನ್ಸಾ ಗಡಿಯ ಟೆಕ್ಸಾರ್ಕಾನಾದಲ್ಲಿ ಸ್ಟೇಟ್ ಲೈನ್ ಅವೆನ್ಯೂ ಎಂಬ ಬೀದಿ ಗಡಿಯ ಮೇಲೆಯೇ ಹೋಗುತ್ತದೆ. ಉತ್ತರಕ್ಕೆ ಹೋಗುವ ಕಾರು ಅರ್ಕನ್ಸಾದಲ್ಲಿ, ದಕ್ಷಿಣಕ್ಕೆ ಬರುವ ಕಾರು ಟೆಕ್ಸಾಸ್‌ನಲ್ಲಿ. ಅಲ್ಲಿ ಗಡಿ ರಸ್ತೆಯ ಉದ್ದಕ್ಕೆ, ವೆಂಡೋವರ್‌ನಲ್ಲಿ ಅಡ್ಡಕ್ಕೆ.

ಬಡ ಯೂಟಾ ಬದಿಯನ್ನು ಸಿರಿವಂತ ನೆವಾಡ ಬದಿಗೆ ಸೇರಿಸಿಬಿಡೋಣ, ಗಡಿಯನ್ನೇ ಸರಿಸೋಣ ಎಂಬ ಮಾತು ಹಿಂದೆ ಗಂಭೀರವಾಗಿಯೇ ಎದ್ದಿತ್ತು. 2002ರಲ್ಲಿ ಅಮೆರಿಕದ ಸಂಸತ್ತಿನ ಕೆಳಮನೆ ಅದಕ್ಕೆ ಅನುಮತಿಯನ್ನೂ ಕೊಟ್ಟಿತು. ಸೆನೆಟ್‌ನಲ್ಲಿ ಮಸೂದೆ ನಿಂತುಹೋಯಿತು. ಹಾಗೊಮ್ಮೆ ಗಡಿ ಸರಿದಿದ್ದರೆ ರಾಜ್ಯ ಮಾರ್ಗ 58 ಯೂಟಾದ ಕಡತದಿಂದ ಅಳಿಯುತ್ತಿತ್ತು, ಎಕ್ಸಿಟ್ 2 ನಾನ್ನೂರರ ಮೇಲಿನ ಯಾವುದೋ ಸಂಖ್ಯೆಯಾಗುತ್ತಿತ್ತು, ಡಾಂಬರಿನ ಮೇಲಿನ ಗೆರೆಯನ್ನು ಉಜ್ಜಬೇಕಾಗುತ್ತಿತ್ತು. ಹಸಿರು ಫಲಕಕ್ಕೆ ಮಾತ್ರ ಯಾರೂ ಕೈ ಹಚ್ಚಬೇಕಿರಲಿಲ್ಲ.