ಸಣ್ಣ ಊರಿನ ಕೊಳಚೆ ನೀರು ಮತ್ತು ಕೆರೆ: ಚಂದಾಪುರದ ನಿದರ್ಶನ

ಹೊಸೂರು ರಸ್ತೆಯ ಮೇಲಿರುವ ಚಂದಾಪುರವು ಆನೇಕಲ್ ತಾಲ್ಲೂಕಿಗೆ ಸೇರಿದುದು. ಹಿಂದೆ ಹಳ್ಳಿಯಾಗಿದ್ದ ಈ ಊರು ಬೊಮ್ಮಸಂದ್ರದ ಕೈಗಾರಿಕಾ ಪ್ರದೇಶದ ನೆರೆಯಲ್ಲಿ ಬೆಳೆದು ಪುರಸಭೆಯನ್ನು ಪಡೆಯಿತು. ಕೊಳಚೆಯ ಹೊರೆ ಮಾತ್ರ ಕೆರೆಯ ಮೇಲೆ ಬಿದ್ದಿತು. ಈ ಕೆರೆಯನ್ನು ಮಾಲಿನ್ಯದಿಂದ ಕಾಪಾಡಲಿಲ್ಲವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2022ರ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರಕ್ಕೆ 500 ಕೋಟಿ ರೂಪಾಯಿಗಳ ಪರಿಹಾರವನ್ನು ವಿಧಿಸಿತು. ನ್ಯಾಯದ ವಿಚಾರ ನಮ್ಮ ವಿಷಯವಲ್ಲ. ಇಂತಹ ಕೆರೆಯ ಮೇಲ್ಭಾಗದ ಸಣ್ಣ ಊರೊಂದು ತನ್ನ ನೀರನ್ನು ಯಾವ ಮಟ್ಟಕ್ಕೆ ಶುದ್ಧಿಗೊಳಿಸಿದರೆ ಕೆರೆ ಉಳಿದೀತೆಂಬುದನ್ನಷ್ಟೇ ಇಲ್ಲಿ ಪರಿಶೀಲಿಸುತ್ತೇವೆ.

ಕೊಳಚೆಯ ಬಲವನ್ನು ಸಾಮಾನ್ಯವಾಗಿ ಜೀವರಾಸಾಯನಿಕ ಆಮ್ಲಜನಕದ ಬೇಡಿಕೆಯಿಂದ ಅಳೆಯುತ್ತಾರೆ. ಹರಿಯುವ ಹೊಳೆಗೆ ಈ ಅಳತೆ ಬಹುಮಟ್ಟಿಗೆ ಸಾಕು. ಕೆರೆಯ ಸ್ಥಿತಿ ಬೇರೆ; ಕೋಡಿ ಬೀಳುವವರೆಗೆ ಒಳಬಂದುದು ಒಳಗೇ ನಿಲ್ಲುತ್ತದೆ. ಬೇಡಿಕೆಯನ್ನು ತಗ್ಗಿಸಿದ ತಿಳಿನೀರಿನಲ್ಲಿಯೂ ಸಾರಜನಕ, ರಂಜಕಗಳು ಉಳಿದಿರುತ್ತವೆ. 5,000 ಜನರ ಊರನ್ನು ಭಾವಿಸಿಕೊಳ್ಳೋಣ. ತಲೆಗೆ ದಿನಕ್ಕೆ 8 ಗ್ರಾಂ ಸಾರಜನಕವೆಂದರೂ 40 ಕಿಲೋಗ್ರಾಂ ಆಯಿತು. ಒಂದು ಹೆಕ್ಟೇರ್ ಮಳೆಯಾಶ್ರಿತ ರಾಗಿಗೆ ಇಡೀ ಬೆಳೆಗಾಲದಲ್ಲಿ ಕೊಡುವ ಗೊಬ್ಬರಕ್ಕೆ ಇದು ಹೆಚ್ಚು ಕಡಮೆ ಸಮ. ಪ್ರತಿದಿನವೂ ಇಷ್ಟು ಗೊಬ್ಬರ ಹಾಕಿಸಿಕೊಂಡ ಕೆರೆಯಲ್ಲಿ ಪಾಚಿ ಬೆಳೆಯದೆ ಮತ್ತೇನು ಬೆಳೆದೀತು?

ಗಾಳಿಯೂದಿ ಕೆಸರನ್ನು ಚುರುಕುಗೊಳಿಸುವ ವಿಧಾನವು 1914ರಲ್ಲಿ ಮ್ಯಾಂಚೆಸ್ಟರಿನಲ್ಲಿ ಪ್ರಕಟವಾಯಿತು. ಅದಕ್ಕೆ ಪ್ರೇರಣೆಯಿತ್ತ ಗಿಲ್ಬರ್ಟ್ ಫೌಲರರು 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರೆಂಬುದು ನಮ್ಮವರಲ್ಲಿ ಅನೇಕರು ಮರೆತಿರುವ ಸಂಗತಿ. ಈ ವಿಧಾನಕ್ಕೆ ಎಡೆಬಿಡದ ವಿದ್ಯುತ್ತೂ ಬಲ್ಲ ಮೇಲ್ವಿಚಾರಕನೂ ಬೇಕು. ನಗರಕ್ಕೆ ಒಪ್ಪುವ ಇದು ಹಳ್ಳಿಗೆ ಒಪ್ಪುವುದು ಅಪರೂಪ.

ಹಳ್ಳಿಗೆ ಜಲ್ಲಿಯ ಪಾತಿಗಳು ಹೆಚ್ಚು ತಕ್ಕವೆಂದು ನಮ್ಮ ಅಭಿಪ್ರಾಯ. ಮೊದಲು ಗಾಳಿಯಾಡದ ತೊಟ್ಟಿಯಲ್ಲಿ ಗಷ್ಟು ತಂಗುತ್ತದೆ; ಈ ಸೀಮೆಯ ಹವೆ ಅಲ್ಲಿನ ಸೂಕ್ಷ್ಮಜೀವಿಗಳಿಗೆ ಹಿತವಾದುದು. ಆದರೆ ಇಲ್ಲಿ ಸಾರಜನಕವು ಅಮೋನಿಯದ ರೂಪವನ್ನು ತಾಳುವುದೇ ಹೊರತು ಹೋಗುವುದಿಲ್ಲ. ಅದನ್ನು ಕಳೆಯಲು ಒಂದಕ್ಕೊಂದು ವಿರುದ್ಧವಾದ ಎರಡು ಸ್ಥಿತಿಗಳು ಬೇಕು. ಮೊದಲನೆಯ ಪಾತಿಗೆ ನೀರನ್ನು ಮೇಲಿನಿಂದ ಬಿಟ್ಟು ಬಿಟ್ಟು ಸುರಿಯಬೇಕು. ಇಳಿಯುವ ನೀರಿನ ಹಿಂದೆಯೇ ಗಾಳಿ ಒಳನುಗ್ಗಿ, ಅಮೋನಿಯವು ನೈಟ್ರೇಟಾಗುತ್ತದೆ. ಇಳಿಜಾರಿದ್ದರೆ ಸೈಫನ್ ತೊಟ್ಟಿಯೇ ಈ ಕೆಲಸವನ್ನು ವಿದ್ಯುತ್ತಿಲ್ಲದೆ ಮಾಡುತ್ತದೆ. ಎರಡನೆಯ ಪಾತಿ ಸದಾ ನೀರು ತುಂಬಿದ, ಜೊಂಡು ನೆಟ್ಟ ಪಾತಿ. ಇಲ್ಲಿ ಆಮ್ಲಜನಕ ದೊರೆಯದ ಜೀವಿಗಳು ನೈಟ್ರೇಟಿನಲ್ಲಿರುವುದನ್ನೇ ಬಳಸಿಕೊಂಡು ಸಾರಜನಕವನ್ನು ಅನಿಲವಾಗಿ ಬಿಡುತ್ತವೆ. ಅವುಗಳಿಗೆ ಆಹಾರವೂ ಬೇಕಷ್ಟೆ. ಆದುದರಿಂದ ಮೊದಲ ತೊಟ್ಟಿಯ ನೀರಿನ ಒಂದು ಸಣ್ಣ ಪಾಲನ್ನು ನೇರವಾಗಿ ಇಲ್ಲಿಗೆ ತರಬಹುದು. ಪಾಲು ಹೆಚ್ಚಾದರೆ ಅಮೋನಿಯ ಮತ್ತೆ ಉಳಿಯುತ್ತದೆ. ಹದವನ್ನು ಪರೀಕ್ಷೆಯಿಂದಲೇ ಕಂಡುಕೊಳ್ಳಬೇಕು.

ರಂಜಕವು ಹೀಗೆ ಗಾಳಿಗೆ ಹೋಗುವುದಿಲ್ಲ. ಜಲ್ಲಿ ಕೆಲವು ಕಾಲ ಅದನ್ನು ಹಿಡಿದಿಟ್ಟು ಕಡೆಗೆ ಸೋಲುತ್ತದೆ. ರೋಗಾಣುಗಳ ಪರೀಕ್ಷೆಯಾದ ಮೇಲೆ ನೀರನ್ನು ಹಿಪ್ಪುನೇರಳೆ, ಮೇವಿನ ಹುಲ್ಲುಗಳಿಗೆ ಹಾಯಿಸಿ, ಮಿಕ್ಕುದನ್ನು ಮಾತ್ರ ಕೆರೆಗೆ ಬಿಡುವುದು ಮೇಲು. ಕಾರ್ಖಾನೆಯ ನೀರು ಈ ಪಾತಿಗಳಿಗೆ ಸೇರಲೇಬಾರದು. ಅದರ ಲೋಹಗಳನ್ನು ಯಾವ ಜೊಂಡೂ ಅರಗಿಸಿಕೊಳ್ಳಲಾರದು. ಬೊಮ್ಮಸಂದ್ರದ ನೆರೆಯಲ್ಲಿ ಇದು ಮೊದಲ ನಿಬಂಧನೆ.

ತೊಡಕು ನೆಲದ್ದು. ತಲೆಗೆ ಎರಡು ಚದರ ಮೀಟರ್ ಹಿಡಿದರೆ 5,000 ಮಂದಿಗೆ ಒಂದು ಹೆಕ್ಟೇರ್, ಎಂದರೆ ಎರಡೂವರೆ ಎಕರೆ ಬೇಕು. ಚಂದಾಪುರದಲ್ಲಿ ಇಂದು ಅಷ್ಟು ನೆಲವನ್ನು ಕೊಳ್ಳುವುದು ಯಂತ್ರವನ್ನು ಕೊಳ್ಳುವುದಕ್ಕಿಂತ ಕಷ್ಟ; ಆನೇಕಲ್ ತಾಲ್ಲೂಕಿನ ಒಳಗಿನ ಹಳ್ಳಿಗಳಾದರೋ ಬಡಾವಣೆಗಳು ಏಳುವ ಮುನ್ನವೇ ಕೆರೆಯಂಗಳದ ಹೊರಗೆ ಅದನ್ನು ಕಾದಿರಿಸಬಹುದು. ತೊಟ್ಟಿಯ ಗಷ್ಟನ್ನು ಎರಡು ಮೂರು ವರ್ಷಗಳಿಗೊಮ್ಮೆ ತೆಗೆಯದಿದ್ದರೆ ಅದು ಪಾತಿಗೆ ಹರಿದು ಜಲ್ಲಿಯನ್ನು ಮುಚ್ಚುತ್ತದೆ. ತೆಗೆದ ಗಷ್ಟಿಗಾಗಿ 2015ರಲ್ಲಿ ದೇವನಹಳ್ಳಿಯಲ್ಲಿ ಪ್ರತ್ಯೇಕ ಶುದ್ಧೀಕರಣ ಘಟಕವೊಂದನ್ನು ಕಟ್ಟಲಾಯಿತು; ನಾಲ್ಕಾರು ಗ್ರಾಮಪಂಚಾಯಿತಿಗಳು ಕೂಡಿ ಇಂತಹುದೊಂದನ್ನು ನಡೆಸುವುದು ಅಸಾಧ್ಯವಲ್ಲ.