ಮಣ್ಣೊಲ್ಲದ ಸೀತಾಳೆ ದಂಡೆ

ಮುಂಗಾರು ಕಾಲಿಡುವ ಹೊತ್ತಿಗೆ ಮಲೆನಾಡಿನ ಹಳೆಯ ಮಾವು, ಹಲಸಿನ ಕೊಂಬೆಗಳಿಂದ ತಿಳಿಗುಲಾಬಿ ಬಣ್ಣದ ಜಡೆಗಳು ಇಳಿಬೀಳುತ್ತವೆ. ಒಂದೊಂದು ದಂಡೆಯಲ್ಲಿ ನೂರಕ್ಕೂ ಹೆಚ್ಚು ಹೂ, ಬಿಳಿ ಎಸಳಿನ ಮೇಲೆ ನೇರಳೆ ಚುಕ್ಕಿ. ದಾರ ಹಿಡಿದು ಕಟ್ಟುವ ಕೆಲಸವಿಲ್ಲ, ಕೊಯ್ದದ್ದನ್ನು ಹಾಗೆಯೇ ಮುಡಿಯಬಹುದು. ಸೀತಾಳೆ ಎಂಬ ಈ ಆರ್ಕಿಡ್ ಅಸ್ಸಾಮಿನಲ್ಲಿ ಕೊಪೌ ಫೂಲ್. ಏಪ್ರಿಲ್ ನಡುವೆ ಬರುವ ರೊಂಗಾಲಿ ಬಿಹುವಿನಲ್ಲಿ ಕುಣಿಯುವ ಹೆಣ್ಣುಮಕ್ಕಳ ತುರುಬಿಗೆ ಈ ಹೂವೇ ಆಗಬೇಕು.

ಹೂವಿನ ಚೆಲುವಿಗೆ ಮರುಳಾದವರು ಗಿಡವನ್ನು ಮನೆಗೆ ತರುತ್ತಾರೆ. ಕೆಂಪುಮಣ್ಣು, ಗೊಬ್ಬರ ತುಂಬಿದ ಕುಂಡದಲ್ಲಿ ನೆಟ್ಟು ದಿನವೂ ಚೊಂಬು ನೀರು ಹುಯ್ಯುತ್ತಾರೆ. ಅಷ್ಟು ಪ್ರೀತಿಗೇ ಗಿಡ ಕೊಳೆತು ಸಾಯುತ್ತದೆ.

ಸೀತಾಳೆಗೆ ಬೇಕಾದದ್ದು ತೇವದ ಗಾಳಿ, ತೇವದ ನೆಲವಲ್ಲ. ಬೆರಳಿನಂಥ ಅದರ ದಪ್ಪ ಬೇರುಗಳಿಗೆ ಸ್ಪಂಜಿನಂಥ ಹೊರಪದರವಿದೆ. ಸತ್ತ ಜೀವಕೋಶಗಳೇ ತುಂಬಿರುವ ಆ ಪದರ ಮಳೆಹನಿಯನ್ನು ಕ್ಷಣದಲ್ಲಿ ಹೀರಿ ಒಳಗೆ ದಾಟಿಸುತ್ತದೆ. ಒಣಗಿದಾಗ ಬೇರು ಬೆಳ್ಳಿಯಂತೆ ಬೆಳ್ಳಗೆ, ನೆನೆದಾಗ ಹಸಿರು. ನೀರು ಬೇಕೋ ಬೇಡವೋ ಎಂಬುದನ್ನು ಗಿಡವೇ ಹೀಗೆ ಹೇಳುತ್ತದೆ. ಆದರೆ ಆ ಬೇರಿಗೆ ಉಸಿರಾಡಲು ಗಾಳಿಯೂ ಬೇಕು. ಸದಾ ನೆಂದ ಮಣ್ಣಿನೊಳಗೆ ಅದು ಉಸಿರುಗಟ್ಟುತ್ತದೆ.

ಇದನ್ನು ಬಂದಳಿಕೆ ಎಂದುಕೊಂಡು ಮಾವಿನ ಮರದಿಂದ ಕಿತ್ತೆಸೆಯುವವರೂ ಇದ್ದಾರೆ. ಅದು ಅನ್ಯಾಯ. ಬಂದಳಿಕೆ ಮರದೊಳಗೆ ಬೇರಿಳಿಸಿ ರಸ ಹೀರುತ್ತದೆ. ಸೀತಾಳೆ ತೊಗಟೆಯನ್ನು ಅಪ್ಪಿಕೊಂಡಿರುತ್ತದೆ, ಅಷ್ಟೆ. ಮಳೆನೀರು, ತೊಗಟೆಯ ಸಂದಿಯಲ್ಲಿ ಕೊಳೆತ ಎಲೆಯ ಸಾರ ಅದಕ್ಕೆ ಸಾಕು.

ಸಾಕುವ ಆಸೆಯಿದ್ದವರು ಕಾಡಿನ ಮರ ಹತ್ತಬೇಕಿಲ್ಲ. ಜೂನ್ ಗಾಳಿಗೆ ತೋಟದಲ್ಲಿ ಮುರಿದು ಬಿದ್ದ ಕೊಂಬೆಗಳಲ್ಲಿ ಎಷ್ಟೋ ಗಿಡಗಳು ಅನಾಥವಾಗಿರುತ್ತವೆ. ನೆಲಕ್ಕೆ ಬಿದ್ದದ್ದು ಹೆಚ್ಚು ಕಾಲ ಬದುಕುವುದಿಲ್ಲ, ಅದನ್ನು ಎತ್ತಿ ಉಳಿಸುವುದೇ ನಿಜವಾದ ಆರೈಕೆ. ಕಾಲವೂ ಅನುಕೂಲ: ಮಳೆ ಹಿಡಿದಾಗಲೇ ಹೊಸ ಬೇರಿನ ತುದಿಗಳು ಚಿಗುರುತ್ತವೆ. ಕೊಳೆತ ಬೇರು ಕತ್ತರಿಸಿ, ಒರಟು ತೊಗಟೆಯ ಮಾವಿನ ಮರಕ್ಕೋ ಮರದ ತುಂಡಿಗೋ ತೆಂಗಿನ ನಾರಿನ ಹುರಿಯಿಂದ ಅಲುಗದಂತೆ ಬಿಗಿಯಬೇಕು. ತಾಮ್ರದ ತಂತಿ ಮಾತ್ರ ಬೇಡ, ಬೇರಿಗೆ ಅದು ವಿಷ. ಹುರಿ ಲಡ್ಡಾಗುವಷ್ಟರಲ್ಲಿ ಬೇರು ತೊಗಟೆಯನ್ನು ಹಿಡಿದಿರುತ್ತದೆ. ಮರವಿಲ್ಲದ ಮನೆಯಲ್ಲಿ ಇದ್ದಿಲು, ಹೆಂಚಿನ ಚೂರು ತುಂಬಿದ ಮರದ ಪಟ್ಟಿಯ ಬುಟ್ಟಿ ಸಾಕು.

ಬೆಳಗಿನ ಎಳೆಬಿಸಿಲು, ಮಧ್ಯಾಹ್ನದ ನೆರಳು, ಸದಾ ಆಡುವ ಗಾಳಿ. ಮಳೆಗಾಲದಲ್ಲಿ ಮಲೆನಾಡಿನವರು ಏನೂ ಮಾಡಬೇಕಿಲ್ಲ. ಬೆಂಗಳೂರಿನಂಥ ಊರಿನ ಮಾರ್ಚ್‌ ಬಿಸಿಲಿಗೆ ದಿನವೂ ಬೆಳಿಗ್ಗೆ ಬೇರಿಗೆ ನೀರು ಸಿಂಪಡಿಸಿ, ಬುಟ್ಟಿಯ ಕೆಳಗೆ ಜಲ್ಲಿ ಹಾಕಿದ ನೀರಿನ ತಟ್ಟೆ ಇಡಬೇಕು. ಸಂಜೆಯೊಳಗೆ ಎಲೆಯ ಸುಳಿ ಒಣಗಿರಲಿ. ಅಲ್ಲಿ ನೀರು ನಿಂತರೆ ಸುಳಿಕೊಳೆ ಖಚಿತ. ಕೊಳವೆಬಾವಿಯ ಗಡಸು ನೀರು ಬೇರಿನ ಮೇಲೆ ಉಪ್ಪಿನ ಪದರ ಕಟ್ಟುತ್ತದೆ, ಹಿಡಿದಿಟ್ಟ ಮಳೆನೀರಾದರೆ ಒಳ್ಳೆಯದು. ಚಳಿಗಾಲದಲ್ಲಿ ನೀರು ಕಡಿಮೆ ಮಾಡಬೇಕು. ಬೇರಿನ ತುದಿ ತಿನ್ನುವ ಬಸವನಹುಳುವನ್ನು ರಾತ್ರಿ ಟಾರ್ಚ್ ಹಿಡಿದು ಹುಡುಕಿ ತೆಗೆಯಬೇಕು.

ಕೊಳ್ಳುವುದಾದರೆ ಪ್ರಯೋಗಾಲಯದಲ್ಲಿ ಬೆಳೆಸಿದ ಸಸಿಯನ್ನೇ ಕೇಳಿ ಕೊಳ್ಳಬೇಕು. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು, ಅದರಲ್ಲಿ ಬುತ್ತಿಯೇ ಇಲ್ಲ. ಕಾಡಿನಲ್ಲಿ ಒಂದು ಬಗೆಯ ಶಿಲೀಂಧ್ರ ಜೊತೆಯಾದರಷ್ಟೇ ಮೊಳಕೆ. ಶಿಲೀಂಧ್ರವಿಲ್ಲದೆಯೂ ಸಕ್ಕರೆ ಬೆರೆತ ಪೋಷಕ ಮಾಧ್ಯಮದಲ್ಲಿ ಈ ಬೀಜಗಳು ಮೊಳೆಯುತ್ತವೆ ಎಂದು ಅಮೆರಿಕದ ಲೂಯಿಸ್ ನಡ್ಸನ್ 1922ರಲ್ಲಿ ತೋರಿಸಿಕೊಟ್ಟರು. ಇಂದಿನ ಗಾಜಿನ ಬಾಟಲಿಯ ಸಸಿಗಳೆಲ್ಲ ಆ ದಾರಿಯಲ್ಲಿ ಬಂದವು. ಅವು ಹೂ ಬಿಡಲು ಹಲವು ವರ್ಷ ಬೇಕು. ಅಲ್ಲಿಯವರೆಗೆ ತೋಟದ ಮರದಲ್ಲಿ ತಾನಾಗಿ ಅರಳಿದ್ದನ್ನು ನೋಡಬಹುದು, ಒಂದೆರಡು ದಂಡೆಗಳನ್ನಾದರೂ ಕೊಯ್ಯದೆ ಕಾಯಿ ಕಟ್ಟಲು ಬಿಡಬಹುದು.