ಹಿರಿಯರು ಕೊಟ್ಟ ಹತ್ತು ಲಕ್ಷ ಯೆನ್

ಯೋಕೋಹಾಮಾಕ್ಕೆ ಬಂದ ನಮ್ಮ ಮಕ್ಕಳು ಕ್ರಿಕೆಟ್ ಬಿಟ್ಟು ಬೇಸ್‌ಬಾಲ್ ಹಿಡಿಯಲು ಹೆಚ್ಚು ದಿನ ಬೇಕಾಗುವುದಿಲ್ಲ. ಅವರ ಜೊತೆ ಸ್ಟೇಡಿಯಂಗೆ ಹೋಗುವ ಹಿರಿಯರು ತಿಳಿದಿರಬೇಕಾದ ಹಳೆಯ ಪ್ರಕರಣವೊಂದಿದೆ. ಜಪಾನಿನಲ್ಲಿ ಅದಕ್ಕೆ ‘ಕುರೋಯಿ ಕಿರಿ’, ಅಂದರೆ ಕಪ್ಪು ಮಂಜು ಎಂದು ಹೆಸರು.

1969ರ ಅಕ್ಟೋಬರಿನಲ್ಲಿ ಫುಕುವೋಕಾದ ನಿಶಿತೆತ್ಸು ಲಯನ್ಸ್ ತಂಡದ ಪಿಚರ್ ಮಸಾಯುಕಿ ನಾಗಯಾಸು ಹಣಕ್ಕಾಗಿ ಬೇಕೆಂದೇ ಸೋಲುತ್ತಿದ್ದ ಸಂಗತಿ ಬಯಲಾಯಿತು. ಬಾಜಿಯ ಹಿಂದೆ ಯಾಕುಜಾ ಗುಂಪುಗಳಿದ್ದವು. ಅವರು ಪಿಚರ್‌ನನ್ನೇ ಹಿಡಿದದ್ದೇಕೆ? ತಂಡ ಎಸೆಯುವ ಚೆಂಡು ಹೊರಡುವುದೇ ಅವನ ಕೈಯಿಂದ. ಬೇಕೆಂದೇ ಹಾಕಿದ ಕೆಟ್ಟ ಚೆಂಡಿಗೂ ದಣಿದ ತೋಳಿನಿಂದ ಬಂದ ಕೆಟ್ಟ ಚೆಂಡಿಗೂ ನೋಡುವವರಿಗೆ ವ್ಯತ್ಯಾಸ ತಿಳಿಯದು.

ಅದೇ ತಂಡದ ಮಸಾಅಕಿ ಇಕೆನಾಗಾ ಅವರದು ಬೇರೆ ಕಥೆ. 1965ರಲ್ಲಿ ಆಟಕ್ಕಿಳಿದ ಮೊದಲ ವರ್ಷವೇ 20 ಗೆಲುವು. 23ನೇ ವಯಸ್ಸಿಗೆ ಒಟ್ಟು 103. ಹಿಂದೆ ತಂಡದಲ್ಲಿದ್ದ ಹಿರಿಯ ಆಟಗಾರರೊಬ್ಬರು ಸೋಲಲು ಹೇಳಿ 10 ಲಕ್ಷ ಯೆನ್ ಕೊಟ್ಟರು. ತಾನು ಸೋಲಲು ಒಪ್ಪಲಿಲ್ಲ, ಆದರೆ ಹಣ ಹಿಂದಿರುಗಿಸಲೂ ಆಗಲಿಲ್ಲ ಎಂಬುದು ಅವರ ಹೇಳಿಕೆ. 1970ರ ಮೇ 25ರಂದು ಅವರಿಗೆ ಆಜೀವ ನಿಷೇಧವಾಯಿತು. ಅದು ತೆರವಾದದ್ದು 2005ರಲ್ಲಿ, 35 ವರ್ಷಗಳ ನಂತರ. ಅಷ್ಟರಲ್ಲಿ ತೋಳಿನ ಕಾಲ ಮುಗಿದಿತ್ತು.

ಅಮೆರಿಕದಲ್ಲೂ 1947ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ಫುಟ್‌ಬಾಲ್ ತಂಡದ ಫ್ರಾಂಕ್ ಫಿಲ್ಚಾಕ್, ಮೆರ್ಲ್ ಹೇಪ್ಸ್ ಅಮಾನತಾದದ್ದು ಪಂದ್ಯ ಮಾರಿದ್ದಕ್ಕಲ್ಲ, ಲಂಚದ ಆಮಿಷ ಬಂದುದನ್ನು ತಿಳಿಸದಿದ್ದಕ್ಕೆ. ನಮ್ಮಲ್ಲಿ 2019ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್‌ನ ಆಟಗಾರರ ಬಂಧನವಾಯಿತು. 2022ರಲ್ಲಿ ಕರ್ನಾಟಕ ಹೈಕೋರ್ಟ್, ಮ್ಯಾಚ್ ಫಿಕ್ಸಿಂಗ್ ಭಾರತೀಯ ದಂಡ ಸಂಹಿತೆಯ 420ನೇ ಕಲಮಿನ ವಂಚನೆಯಾಗದು, ಶಿಸ್ತುಕ್ರಮ ಕ್ರಿಕೆಟ್ ಮಂಡಳಿಗೆ ಬಿಟ್ಟದ್ದು ಎಂದಿತು. ಹಾಗಾಗಿ ಆಟದ ಒಳಗಿನ ನಿಯಮವೇ ಮುಖ್ಯ ಕಾವಲು.

ವೈದ್ಯನಾಗಿದ್ದಾಗ ಔಷಧ ಪ್ರತಿನಿಧಿಗಳು ಮೇಜಿನ ಮೇಲೆ ಬಿಟ್ಟುಹೋಗುವ ಉಡುಗೊರೆಗಳನ್ನು ಕಂಡವನು ನಾನು. ಅವರು ಏನನ್ನೂ ಕೇಳುತ್ತಿರಲಿಲ್ಲ. ಆದರೂ ಚೀಟಿ ಬರೆಯುವಾಗ ಆ ಕಂಪನಿಯ ಹೆಸರೇ ಮೊದಲು ನೆನಪಾಗುತ್ತಿತ್ತು. ಋಣ ಹತ್ತುವುದೇ ಹಾಗೆ. ಜಪಾನಿನ ‘ಸೆಂಪಾಯ್’ ಆಗಲಿ, ನಮ್ಮ ‘ಅಣ್ಣ’ ಆಗಲಿ, ಹಿರಿಯರಿಗೆ ಇಲ್ಲವೆನ್ನುವುದು ಕಿರಿಯರಿಗೆ ಕಷ್ಟ. ದೊಡ್ಡವರ ಮಾತು ಮೀರಬಾರದೆಂದು ಮಕ್ಕಳಿಗೆ ಕಲಿಸುವ ನಾವು, ದೊಡ್ಡವರು ಕೊಟ್ಟದ್ದನ್ನು ಅಂದೇ ಹಿಂದಿರುಗಿಸಿ ಮನೆಯಲ್ಲಿ ಹೇಳುವುದನ್ನೂ ಕಲಿಸಬೇಕು. ಹೇಳಿದಾಗ ಬೈಯದೆ ಕೇಳುವುದು ನಮ್ಮ ಪಾಲಿನ ಕೆಲಸ.